ಕೊನೆಯ ಗಾಲಿಯ ಕೆಂಪು ದೀಪ

ದೀಪಾವಳಿ ಮುಗಿದು ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ವಿಜಯಪುರ ಜಿಲ್ಲೆಯ ಬಬಲೇಶ್ವರದಿಂದ ಗಲಗಲಿಯತ್ತ ಹೋಗುವ ರಸ್ತೆಗೆ ಇರುಳಿನಲ್ಲೂ ಬಿಡುವಿರುವುದಿಲ್ಲ. ಹೊಸೂರಿನ ಹತ್ತಿರ ಕೃಷ್ಣಾನಗರದಲ್ಲಿರುವ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಗೂ ಕೃಷ್ಣೆಯ ಆಚೆಗಿನ ಬಾಗಲಕೋಟೆ ಜಿಲ್ಲೆಯ ಕಾರ್ಖಾನೆಗಳಿಗೂ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಒಂದರ ಬೆನ್ನಿಗೊಂದು ಸಾಗುತ್ತವೆ. ಇವುಗಳಲ್ಲಿ ಒಂದನ್ನು ಹಿಂದಿನಿಂದ ನೋಡಬೇಕು. ಒಂದಕ್ಕೊಂದು ಕೊಂಡಿ ಹಾಕಿದ ಎರಡು ಟ್ರೇಲರ್‌ಗಳು. ಅವುಗಳ ಅಂಚು ಮೀರಿ ಎರಡೂ ಬದಿಗೆ ಚಾಚಿಕೊಂಡ ಕಬ್ಬಿನ ತುದಿಗಳು. ಮೇಲೆ ಹಗ್ಗ, ಕೆಳಗೆ ನೆಲಕ್ಕೆ ಒರೆಸುವ ಸೋಗೆ. ಕಣ್ಣಿಗೆ ಬೀಳುವುದು ಒಂದು ಕಪ್ಪು ಗೋಡೆ ಮಾತ್ರ. ಆ ಗೋಡೆಯ ಆಚೆ, ಮೂವತ್ತು ನಲವತ್ತು ಅಡಿ ಮುಂದೆ, ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಎರಡು ಕೆಂಪು ದೀಪಗಳು ಸರಿಯಾಗಿಯೇ ಉರಿಯುತ್ತಿರುತ್ತವೆ. ಟ್ರ್ಯಾಕ್ಟರ್ ತಯಾರಿಸಿದ ಕಾರ್ಖಾನೆ ಕೊಟ್ಟ ದೀಪಗಳವು, ನಿಯಮದ ಅಳತೆಗೆ ಸರಿಹೊಂದಿದವು. ಆದರೆ ಅವು ಯಾರಿಗಾಗಿ ಉರಿಯಬೇಕೋ ಅವರಿಗೇ ಕಾಣುವುದಿಲ್ಲ.

ಈ ನೋಟ ಇಂದಿನದಾದರೂ ಇದರ ಬೇರು ಹಳೆಯದು. ವಿಜಯಪುರ ಸೀಮೆಯ ರಸ್ತೆಗೆ ಕಳೆದ ನೂರು ವರ್ಷಗಳಲ್ಲಿ ಬಂದ ಕಾರು, ಜೀಪು, ಲಾರಿ, ಟ್ರ್ಯಾಕ್ಟರುಗಳ ಮೂಲ ವಿನ್ಯಾಸ ಬಹುಪಾಲು ಹೊರದೇಶದ್ದು. ಎಂಜಿನನ್ನು ನಾವು ಇದ್ದ ಹಾಗೆಯೇ ಒಪ್ಪಿಕೊಂಡೆವು. ಬೆನ್ನನ್ನು ಮಾತ್ರ ಹಾಗೆ ಒಪ್ಪಿಕೊಳ್ಳಲು ಬರಲಿಲ್ಲ. ಹಿಂದಿನ ದೀಪದ ಬಣ್ಣ, ಜಾಗ, ಸಂಖ್ಯೆ, ಮಿಣುಕುವ ಬಗೆ ಎಲ್ಲವೂ ಆ ವಾಹನ ಹುಟ್ಟಿದ ದೇಶದ ರಸ್ತೆ ರೂಢಿಗೆ ಕಟ್ಟುಬಿದ್ದಿದ್ದವು. ಇಲ್ಲಿಗೆ ಬಂದ ಮೇಲೆ ಇಲ್ಲಿನ ಕಾಯ್ದೆಗೆ, ಇಲ್ಲಿನ ಎಡಬದಿಯ ಸಂಚಾರಕ್ಕೆ, ಇಲ್ಲಿನ ಹೊರೆಗೆ ಅವನ್ನು ಒಗ್ಗಿಸಬೇಕಾಯಿತು. ಈ ಒಗ್ಗಿಸುವಿಕೆಯ ಚರಿತ್ರೆಯನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನಾವು ದೀಪವನ್ನು ಯಂತ್ರದ ಅಂಗವೆಂದು ಎಣಿಸುತ್ತ ಬಂದಿದ್ದೇವೆ. ಅದನ್ನು ರಸ್ತೆಯ ಮೇಲೆ ಕೊನೆಗೆ ಉರುಳುವ ಗಾಲಿಯ ಹೊಣೆಯೆಂದು ಎಣಿಸಬೇಕಾಗಿತ್ತು. ಕಬ್ಬಿನ ಟ್ರೇಲರಿನ ಕತ್ತಲೆ ಹುಟ್ಟಿದ್ದು ಈ ತಪ್ಪು ಎಣಿಕೆಯಿಂದ.

ಮೋಟಾರು ಬರುವ ಮುಂಚಿನ ಸ್ಥಿತಿಯನ್ನು ಮೊದಲು ನೋಡೋಣ. ಇರುಳು ಪಯಣದ ಚಕ್ಕಡಿಗೆ ಬೆಳಕು ಅಂದರೆ ಅಚ್ಚಿನ ಕೆಳಗೆ ತೂಗಹಾಕಿದ ಕಂದೀಲು. ಅದು ಎತ್ತಿನ ಹೆಜ್ಜೆಗೆ ತಕ್ಕಂತೆ ತೂಗುತ್ತಿತ್ತು. ಗಾಲಿಯ ಅರೆಕಾಲುಗಳ ನೆರಳು ಎರಡೂ ಬದಿಯ ಎರೆಹೊಲದ ಮೇಲೆ ದೊಡ್ಡದಾಗಿ ತಿರುಗುತ್ತಿತ್ತು. ಆ ಕಂದೀಲಿಗೆ ಮುಂದು ಹಿಂದು ಎಂಬುದಿರಲಿಲ್ಲ, ಎದುರು ಬರುವವನಿಗೂ ಹಿಂದೆ ಬರುವವನಿಗೂ ಒಂದೇ ಬೆಳಕು ಸಾಕಾಗುತ್ತಿತ್ತು. ಎಲ್ಲರ ವೇಗವೂ ಹೆಚ್ಚುಕಡಿಮೆ ಒಂದೇ ಇದ್ದುದರಿಂದ ಹಿಂದಿನಿಂದ ಬಂದು ಗುದ್ದುವ ಭಯ ಸಣ್ಣದು. 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಹೊಟಗಿ-ಗದಗ ಮಾರ್ಗ ವಿಜಯಪುರದ ಮೂಲಕ ಹಾದುಹೋಯಿತು. ಮರುವರ್ಷ ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಿಂದ ಇಲ್ಲಿಗೆ ಬಂತು. ನಿಲ್ದಾಣದಿಂದ ಕಚೇರಿಗೆ, ಗೋಳಗುಮ್ಮಟಕ್ಕೆ ಜನರನ್ನು ಒಯ್ಯುವ ಟಾಂಗಾ ಈ ಊರಿನ ಗುರುತಾಯಿತು. ಊರೊಳಗಿನ ಈ ಕುದುರೆ ವೇಗಕ್ಕೂ ಎಣ್ಣೆದೀಪ ಸಾಕಾಗಿತ್ತು.

ಆದರೆ ಅದೇ ರೈಲು ಇನ್ನೊಂದು ತಿಳಿವನ್ನೂ ಹೊತ್ತು ತಂದಿತ್ತು. ರೈಲಿನ ಕೊನೆಯ ಡಬ್ಬಿಯ ಬೆನ್ನಿಗೆ ಇರುಳಲ್ಲಿ ಕೆಂಪು ದೀಪ ಇರಲೇಬೇಕು. ದಾರಿಯಲ್ಲಿ ಒಂದು ಡಬ್ಬಿಯನ್ನು ಬಿಚ್ಚಿದರೆ, ಇನ್ನೊಂದನ್ನು ಜೋಡಿಸಿದರೆ, ದೀಪವೂ ಹೊಸ ಕೊನೆಗೆ ಹೋಗುತ್ತದೆ. ನಿಲ್ದಾಣದವರು ಆ ದೀಪ ಕಂಡ ಮೇಲೆಯೇ ರೈಲು ಪೂರ್ತಿಯಾಗಿ ದಾಟಿತು, ನಡುವೆ ಯಾವ ಡಬ್ಬಿಯೂ ಕಳಚಿ ಉಳಿದಿಲ್ಲ ಎಂದು ತಿಳಿಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಒಂದೇ: ದೀಪ ಎಂಜಿನ್ನಿಗೆ ಸೇರಿದ್ದಲ್ಲ, ಯಾವುದೇ ಒಂದು ಡಬ್ಬಿಗೆ ಸೇರಿದ್ದೂ ಅಲ್ಲ, ಅದು ಸಾಲಿನ ತುದಿಗೆ ಸೇರಿದ್ದು. ಅದನ್ನು ಹಚ್ಚಿ ಕಾಯುವ ಹೊಣೆ ಗಾರ್ಡ್ ಎಂಬ ಒಬ್ಬ ಮನುಷ್ಯನದಾಗಿತ್ತು. ಮೋಟಾರು ವಾಹನ ಈ ಸೀಮೆಗೆ ಬರುವ ಮೊದಲೇ ಹಿಂದಿನ ದೀಪದ ಪ್ರಶ್ನೆಗೆ ಸರಿಯಾದ ಉತ್ತರ ಊರಿನ ರೈಲು ನಿಲ್ದಾಣದಲ್ಲೇ ಇತ್ತು. ರಸ್ತೆಯ ಕಾಯ್ದೆ ಅದನ್ನು ಕಲಿಯಲಿಲ್ಲ.

ಆಗ ವಿಜಯಪುರ ಮುಂಬಯಿ ಪ್ರಾಂತ್ಯದ ಜಿಲ್ಲೆ. ಹೀಗಾಗಿ ಇಲ್ಲಿನ ಮೋಟಾರುಗಳ ಹೆಬ್ಬಾಗಿಲು ಮುಂಬಯಿ ಬಂದರು. 1928ರಿಂದ ಅಲ್ಲಿನ ಶಿವಡಿಯಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಹೊರದೇಶದಿಂದ ಬಿಡಿಭಾಗಗಳನ್ನು ತರಿಸಿ ಗಾಡಿ ಜೋಡಿಸತೊಡಗಿತು. 1944ರಲ್ಲಿ ಹುಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕುರ್ಲಾದಲ್ಲಿ ಡಾಡ್ಜ್, ಫಾರ್ಗೊ ಲಾರಿಗಳನ್ನು ಜೋಡಿಸಿತು. 1914ರ ಮೋಟಾರು ವಾಹನ ಕಾಯ್ದೆ ವಿವರಗಳನ್ನೆಲ್ಲ ಪ್ರಾಂತ್ಯಗಳ ನಿಯಮಕ್ಕೆ ಬಿಟ್ಟಿತ್ತು. 1939ರ ಕಾಯ್ದೆ ದೇಶಕ್ಕೆಲ್ಲ ಒಂದು ಚೌಕಟ್ಟು ಹಾಕಿತು. ಅದರ ಅಡಿಯಲ್ಲಿ 1940ರ ಮುಂಬಯಿ ನಿಯಮಗಳು ಬಂದವು. ಕಾಯ್ದೆ ಇಂಗ್ಲೆಂಡಿನ ಮಾದರಿಯದು, ಲಾರಿ ಅಮೆರಿಕದ್ದು. ಎರಡೂ ದೇಶಗಳಲ್ಲಿ ಸಂಚಾರದ ಬದಿಯೇ ಬೇರೆ. ಹೊರಗಿನ ಗಾಡಿಯ ಬೆನ್ನು ಒಳಗಿನ ನಿಯಮಕ್ಕೆ ಹೊಂದದೆ ಹೋದದ್ದು ಇಲ್ಲಿಂದ ಶುರು.

ಎರಡನೆಯ ಮಹಾಯುದ್ಧದ ಜೀಪನ್ನು ಹತ್ತಿರದಿಂದ ನೋಡಿದರೆ ಈ ಹೊಂದಾಣಿಕೆ ಎಷ್ಟು ಸೂಕ್ಷ್ಮದ್ದೆಂದು ತಿಳಿಯುತ್ತದೆ. ಯುದ್ಧ ಮುಗಿದ ಮೇಲೆ ಸೈನ್ಯದ ಡಿಸ್ಪೋಸಲ್‌ನಲ್ಲಿ ಹರಾಜಾದ ವಿಲ್ಲಿಸ್ ಜೀಪುಗಳು ದೇಶದ ತುಂಬ ಹರಡಿದವು. ಅದರ ಹಿಂಬದಿಯಲ್ಲಿ ಎರಡು ದೀಪದ ಡಬ್ಬಿಗಳಿದ್ದರೂ ಮಾಮೂಲಿ ಕೆಂಪು ದೀಪವೂ ಬ್ರೇಕ್ ದೀಪವೂ ಇದ್ದದ್ದು ಎಡಗಡೆಯ ಡಬ್ಬಿಯಲ್ಲಿ ಮಾತ್ರ. ಬಲಗಡೆಯದರಲ್ಲಿ ವಿಮಾನದಿಂದ ನೋಡುವ ಶತ್ರುವಿಗೆ ಕಾಣಬಾರದೆಂದು ಸೀಳುಗಂಡಿಯಷ್ಟೇ ಬೆಳಕು ಬಿಡುವ ಯುದ್ಧಕಾಲದ ದೀಪಗಳು. ಬಲಬದಿಗೆ ಸಾಗುವ ಅಮೆರಿಕದಲ್ಲಿ ಎಡಗಡೆ ಎಂದರೆ ರಸ್ತೆಯ ನಡು. ಹಿಂದಿನಿಂದ ದಾಟುವವನು ಆ ಬದಿಯಿಂದಲೇ ಬರುವುದರಿಂದ ಅಲ್ಲಿಗೆ ಒಂದು ದೀಪ ಸಾಕು. ಅದೇ ಜೀಪು ವಿಜಯಪುರ-ಸೊಲ್ಲಾಪುರ ರಸ್ತೆಗಿಳಿದರೆ ಎಲ್ಲವೂ ತಿರುವುಮುರುವು. ದೀಪ ರಸ್ತೆಯ ಅಂಚಿಗೆ ಬೀಳುತ್ತದೆ. ದಾಟಲು ಬರುವವನ ಕಡೆಯ ಬಲ ಮೂಲೆ ಕತ್ತಲಾಗುತ್ತದೆ. ಗಾಡಿ ಆ ಒಂದು ದೀಪಕ್ಕೇ ಮುಗಿಯಿತೆಂದು ಅವನು ತಿಳಿದರೆ ಅವನ ತಪ್ಪೇನು? ಬಲಗಡೆಯ ಡಬ್ಬಿಗೂ ಪೂರ್ತಿ ಕೆಂಪು ದೀಪ ಹಾಕುವುದು, ಅಲ್ಲಿಗೂ ತಂತಿ ಎಳೆಯುವುದು, 6 ವೋಲ್ಟಿನ ಆ ಗಾಡಿಗೆ ತಕ್ಕ ಬಲ್ಬು ಹುಡುಕುವುದು ಆದದ್ದು ಇದಕ್ಕಾಗಿ. ಸ್ಟಿಯರಿಂಗ್ ಎಡಕ್ಕಿದ್ದುದು ಇನ್ನೊಂದು ತೊಡಕು. ನಮ್ಮ ಚಾಲಕರು ಸನ್ನೆ ಮಾಡುತ್ತಿದ್ದುದು ಬಲಗೈಯನ್ನು ಹೊರಚಾಚಿ. ಎಡಗಡೆ ಕೂತವನ ಕೈ ಹಿಂದಿನವನಿಗೆ ಕಾಣುವುದಿಲ್ಲ. ಎಡ ಸ್ಟಿಯರಿಂಗಿನ ವಾಹನಕ್ಕೆ ಯಾಂತ್ರಿಕ ಇಲ್ಲವೆ ವಿದ್ಯುತ್ ಸನ್ನೆಯ ಸಾಧನ ಇರಲೇಬೇಕೆಂದು 1988ರ ಕಾಯ್ದೆಯ 120ನೆಯ ಕಲಮು ಇಂದಿಗೂ ಹೇಳುತ್ತದೆ. ಹೊರಗಿನ ವಾಹನದ ಬೆನ್ನನ್ನು ಇಲ್ಲಿನ ಕಣ್ಣಿಗೆ ಒಗ್ಗಿಸಬೇಕೆಂಬ ಅರಿವು ಆ ಒಂದು ಕಲಮಿನಲ್ಲಿ ನೆಲೆ ನಿಂತಿದೆ.

ಅಮೆರಿಕದ ಲಾರಿ, ಕಾರುಗಳ ತೊಂದರೆ ಬೇರೆ ಬಗೆಯದು. ಅಲ್ಲಿ ಹಿಂದಿನ ತಿರುವಿನ ದೀಪ ಕೆಂಪಾಗಿದ್ದರೂ ನಡೆಯುತ್ತದೆ. ಬ್ರೇಕ್ ಒತ್ತಿದಾಗ ಉರಿಯುವ ತಂತಿಯೇ ತಿರುಗುವಾಗ ಮಿಣುಕುತ್ತದೆ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ತಿರುವಿನ ದೀಪ ಅಂಬರ್ ಬಣ್ಣದ್ದೇ ಆಗಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದೆ 120ಕ್ಕಿಂತ ಹೆಚ್ಚಿಲ್ಲದೆ ಮಿಣುಕಬೇಕು. ಹೀಗಾಗಿ ಅಂಥ ಗಾಡಿಯ ಬೆನ್ನಿನಲ್ಲಿ ಬ್ರೇಕಿನ ತಂತಿಯನ್ನೂ ತಿರುವಿನ ತಂತಿಯನ್ನೂ ಬೇರ್ಪಡಿಸಿ ಹೊಸದೊಂದು ಹಳದಿಗೆಂಪು ದೀಪ ಕೂರಿಸಬೇಕು. ಆಟೋ ಇಲೆಕ್ಟ್ರಿಷಿಯನ್‌ನ ಮೇಜಿನ ಮೇಲಿನ ಸಣ್ಣ ಬಲ್ಬೊಂದು ಈ ವಿವೇಕವನ್ನು ಕೈಗೆ ಸಿಗುವಂತೆ ತೋರಿಸುತ್ತದೆ. ಅದರೊಳಗೆ ಎರಡು ತಂತಿ: 5 ವಾಟಿನದು ಇರುಳಿಡೀ ಉರಿಯುವ ಕೆಂಪಿಗೆ, 21 ವಾಟಿನದು ಬ್ರೇಕಿಗೆ. ಬುಡದ ಎರಡು ಮೊಳೆಗಳನ್ನು ಬೇಕೆಂದೇ ಒಂದು ಮೇಲೆ ಒಂದು ಕೆಳಗೆ ಇಟ್ಟಿರುತ್ತಾರೆ; ತಿರುವುಮುರುವಾಗಿ ಹಾಕಲು ಹೋದರೆ ಹೋಲ್ಡರ್ ಹಿಡಿಯುವುದಿಲ್ಲ. ತಪ್ಪಾಗಿ ಹಾಕಿದರೆ ಬ್ರೇಕ್ ಒತ್ತಿದಾಗ ಬೆಳಕು ಹೆಚ್ಚಿದ್ದು ಕಾಣದೆ ಹಿಂದಿನವನು ಮೋಸಹೋಗುತ್ತಾನೆ ಎಂದು ಯೋಚಿಸಿದವನೊಬ್ಬ ಆ ಮೊಳೆಯನ್ನು ಹಾಗೆ ಇಟ್ಟಿದ್ದಾನೆ.

1956ರ ನವೆಂಬರ್ 1ರಂದು ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿತು. ರಾಜ್ಯ ಬದಲಾದರೂ ಮುಂಬಯಿಯ ನಿಯಮಗಳು ಅಂದೇ ಅಳಿಯಲಿಲ್ಲ. ಹೊಸ ರಾಜ್ಯದ ನಿಯಮಗಳು ಬಂದದ್ದು 1963ರಲ್ಲಿ. ಕೊನೆಗೆ 1989ರ ಜುಲೈ 1ರಿಂದ ದೇಶಕ್ಕೆಲ್ಲ ಒಂದೇ ಕೇಂದ್ರ ನಿಯಮ. ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು, ನಂಬರ್ ಪ್ಲೇಟಿನ ಮೇಲೆ ಬಿಳಿ ಬೆಳಕು ಬಿದ್ದು 15 ಮೀಟರ್ ದೂರದಿಂದ ಓದಲು ಬರಬೇಕು ಎಂದು ಅದು ಹೇಳುತ್ತದೆ. ಈ 155 ಮೀಟರಿನ ಬೆಲೆಯನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಅಷ್ಟು ದೂರವನ್ನು ಒಂಬತ್ತು ಸೆಕೆಂಡಿನಲ್ಲಿ ಮುಗಿಸುತ್ತದೆ. ನೋಡಿ, ತಿಳಿದು, ಬ್ರೇಕ್ ಹಿಡಿದು, ಪಕ್ಕಕ್ಕೆ ಸರಿಯಲು ಒಂಬತ್ತು ಸೆಕೆಂಡು ಸಾಕು. ದೀಪವಿಲ್ಲದೆ ತನ್ನದೇ ಡಿಮ್ ಬೆಳಕಿನಲ್ಲಿ ಕಬ್ಬಿನ ಗೋಡೆ ಕಾಣುವಷ್ಟರಲ್ಲಿ ಉಳಿಯುವುದು ಎರಡೋ ಮೂರೋ ಸೆಕೆಂಡು. ಒಂದು ಜೀವದ ಅಳತೆ ಈ ಎರಡು ಲೆಕ್ಕಗಳ ನಡುವೆ ಇದೆ.

ಈಗ ಟ್ರ್ಯಾಕ್ಟರಿಗೆ ಬರೋಣ. 1960ರ ದಶಕದ ಆರಂಭದವರೆಗೂ ದೇಶದ ಟ್ರ್ಯಾಕ್ಟರುಗಳು ಬಹುಪಾಲು ಹೊರಗಿನಿಂದ ಬಂದವು. ಆಮೇಲೆ ಇಲ್ಲಿಯೇ ತಯಾರಾದವೂ ಬಹುಪಾಲು ಹೊರಗಿನ ವಿನ್ಯಾಸದವೇ: 1960ರಲ್ಲಿ ಶುರುವಾದ ಟಾಫೆ ಕಂಪನಿಯದು ಮ್ಯಾಸಿ ಫರ್ಗ್ಯೂಸನ್, 1971ರಲ್ಲಿ ಎಚ್‌ಎಂಟಿ ಮಾಡಲು ತೊಡಗಿದ್ದು ಜೆಕೊಸ್ಲೊವಾಕಿಯಾದ ಝೆಟರ್. ಇವು ಹೊಲ ಉಳಲು ಹುಟ್ಟಿದ ಯಂತ್ರಗಳು. ಮಡ್‌ಗಾರ್ಡ್ ಮೇಲಿನ ಕೆಂಪು ದೀಪ ಹೊಲದಿಂದ ಮನೆಗೆ ಮರಳುವ ಅಷ್ಟು ದಾರಿಗೆ. ನಮ್ಮಲ್ಲಿ ಇವೇ ಊರಿನ ಲಾರಿಗಳಾದವು. ಬೆನ್ನಿಗೆ ಕಟ್ಟಿದ ಟ್ರೇಲರನ್ನು ಮಾತ್ರ ಊರಿನ ವರ್ಕ್‌ಶಾಪಿನಲ್ಲಿ ಪಟ್ಟಿ ಬೆಸೆದು ಮಾಡಿಸಿದೆವು. ಒಣಬೇಸಾಯದ ಜೋಳದ ಕಾಲದಲ್ಲಿ ಹೊರೆ ಕಡಿಮೆ, ದಾರಿ ಹಗಲಿನದು. ಆಲಮಟ್ಟಿಯ ನೀರು, ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿಗಳು ಆ ಲೆಕ್ಕವನ್ನೇ ಬದಲಿಸಿದವು. ತಿಕೋಟಾ ಕಡೆ ದ್ರಾಕ್ಷಿ ಬೆಳೆದು ಒಣದ್ರಾಕ್ಷಿಯ ಹೊರೆಗಳು ತಾಸಗಾಂವ, ಸಾಂಗ್ಲಿಯತ್ತ ಹೊರಟವು. ಬಬಲೇಶ್ವರ ಕಡೆ ಕಬ್ಬು ಹಬ್ಬಿತು. ಒಣದ್ರಾಕ್ಷಿ ಕಾಯುತ್ತದೆ, ಕಬ್ಬು ಕಾಯುವುದಿಲ್ಲ. ಕಡಿದ ಕಬ್ಬು ತಡವಾದಷ್ಟೂ ಸಕ್ಕರೆ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಕಾರ್ಖಾನೆಯ ಗಾಣ ಹಗಲಿರುಳು ತಿರುಗುತ್ತದೆ. ಹೀಗೆ ನೀರು ಬೆಳೆಯನ್ನು ಬದಲಿಸಿತು, ಬೆಳೆ ಹೊರೆಯನ್ನು ಬದಲಿಸಿತು, ಹೊರೆ ನಮ್ಮ ರಸ್ತೆಗಳ ಇರುಳನ್ನು ಬದಲಿಸಿತು.

ಕಾಯ್ದೆ ಟ್ರೇಲರನ್ನು ಮರೆತಿದೆ ಎಂದು ಹೇಳಲಾಗದು. ಅದರ ದೃಷ್ಟಿಯಲ್ಲಿ ಟ್ರೇಲರೂ ವಾಹನವೇ; ಅದಕ್ಕೂ ನೋಂದಣಿ ಬೇಕು, ಬೆನ್ನಿಗೆ ಎರಡು ಕೆಂಪು ರಿಫ್ಲೆಕ್ಟರ್ ಬೇಕು. ಆದರೆ ಕಾಯ್ದೆ ನೋಡುವುದು ಖಾಲಿ ಟ್ರೇಲರನ್ನು. ರಸ್ತೆ ನೋಡುವುದು ಹೇರಿದ ಟ್ರೇಲರನ್ನು. ಪಟ್ಟಿಗೆ ಹಚ್ಚಿದ ರಿಫ್ಲೆಕ್ಟರಿನ ಮೇಲೆ ಸೋಗೆ ಇಳಿಬಿದ್ದರೆ ಅದು ಇದ್ದೂ ಇಲ್ಲ. ದೀಪವನ್ನೇ ಕೂರಿಸಿದರೂ ಅದಕ್ಕೆ ಟ್ರ್ಯಾಕ್ಟರಿನಿಂದ ತಂತಿ ಬರಬೇಕು. ಹೊಲದಲ್ಲಿ ಟ್ರೇಲರ್ ಬಿಚ್ಚುವಾಗ ಆ ತಂತಿ ಹರಿಯುತ್ತದೆ. ಒಬ್ಬರ ಟ್ರೇಲರು ಇನ್ನೊಬ್ಬರ ಟ್ರ್ಯಾಕ್ಟರಿಗೆ ಕೂಡಿದರೆ ಪ್ಲಗ್ಗು ಕೂಡುವುದಿಲ್ಲ. ಹಳೆಯ ಬಿಸಿತಂತಿಯ ಫ್ಲ್ಯಾಷರಾದರೆ ಇನ್ನೂ ಒಂದು ತೊಡಕು: ಟ್ರೇಲರಿನ ಬಲ್ಬುಗಳು ಸೇರಿದೊಡನೆ ಹೆಚ್ಚು ಕರೆಂಟು ಹರಿದು ಅದು ಬೇಗ ಕಾಯುತ್ತದೆ, ದೀಪ ಗಡಿಬಿಡಿಯಿಂದ ಮಿಣುಕುತ್ತದೆ. ಟ್ರ್ಯಾಕ್ಟರಿಗೆ ಒಂಟಿಯಾಗಿ ಸರಿಯಿದ್ದ ಅಳತೆ ಜೋಡಿಯಾದಾಗ ತಪ್ಪುತ್ತದೆ. ಯಂತ್ರಕ್ಕೆ ಕಟ್ಟಿದ ನಿಯಮ ಸಾಲಿನ ತುದಿಯವರೆಗೆ ತಲುಪಲಾರದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಕೊನೆಯ ಗಾಲಿಗೇ ದೀಪ ಬೇಕು ಎಂಬುದಕ್ಕೆ ಎದುರಾಗಿ ಹೇಳುವ ಮಾತುಗಳನ್ನು ಹಗುರವಾಗಿ ತಳ್ಳಿಹಾಕಬಾರದು. ಹಂಗಾಮು ಶುರುವಾಗುವಾಗ ಪೊಲೀಸರು, ಸಾರಿಗೆ ಇಲಾಖೆಯವರು ಟ್ರೇಲರುಗಳಿಗೆ ಹೊಳೆಯುವ ಪಟ್ಟಿ ಅಂಟಿಸುತ್ತಾರಲ್ಲ, ಅದು ಸಾಲದೇ ಎಂಬುದು ಮೊದಲನೆಯದು. ಆ ಪಟ್ಟಿ ಒಳ್ಳೆಯದೇ, ಅದರಿಂದ ಜೀವಗಳು ಉಳಿಯಬಲ್ಲವು. ಆದರೆ ರಿಫ್ಲೆಕ್ಟರಿಗೆ ಸ್ವಂತ ಬೆಳಕಿಲ್ಲ. ಹಿಂದೆ ಬರುವವನ ದೀಪ ಚೆನ್ನಾಗಿದ್ದು, ನೇರವಾಗಿ ಬಿದ್ದರೆ ಮಾತ್ರ ಅದು ಮಾತಾಡುತ್ತದೆ. ತಿರುವಿನಲ್ಲಿ, ಮಣ್ಣು ಮೆತ್ತಿದಾಗ, ಹಳೆಯ ಬೈಕಿನ ಮಂಕು ದೀಪದೆದುರು ಅದು ಮೂಕವಾಗುತ್ತದೆ. ಸೈಕಲ್ಲಿನವನ ಹತ್ತಿರವಂತೂ ತೋರಿಸಲು ಬೆಳಕೇ ಇರುವುದಿಲ್ಲ. ಹೊಳೆಯುವ ಪಟ್ಟಿ ದೀಪಕ್ಕೆ ಜೊತೆಯಾಗಬಲ್ಲದು, ದೀಪದ ಜಾಗ ತುಂಬಲಾರದು.

ಎರಡನೆಯ ಮಾತು ನ್ಯಾಯದ್ದು. ನಿಧಾನ ಹೋಗುವವನು ಯಾಕೆ ಹೊಣೆ ಹೊರಬೇಕು, ಜೋರಾಗಿ ಬರುವವನೇ ನೋಡಿಕೊಂಡು ಬರಲಿ ಎಂಬುದು. ಇದೇ ವಾದ ಇಂಗ್ಲೆಂಡಿನಲ್ಲಿ ಸೈಕಲ್ ಸವಾರರಿಂದ ಗಟ್ಟಿಯಾಗಿ ಕೇಳಿಬಂದಿತ್ತು. ಕೆಂಪು ದೀಪ ಹೊರಿಸಿದರೆ ಗುದ್ದಿದವನ ತಪ್ಪು ಗುದ್ದಿಸಿಕೊಂಡವನ ಮೇಲೆ ಬೀಳುತ್ತದೆ ಎಂದು ಅವರು ಅಂಜಿದರು. ಅಲ್ಲಿನ 1927ರ ವಾಹನ ದೀಪ ಕಾಯ್ದೆ ಸೈಕಲ್ಲಿಗೂ ಹಿಂದೆ ಕೆಂಪು ದೀಪ ಇಲ್ಲವೆ ರಿಫ್ಲೆಕ್ಟರ್ ಬೇಕೆಂದಿತು. ಸವಾರರ ಅಂಜಿಕೆಯಲ್ಲಿ ತಿರುಳಿದೆ: ದೀಪ ಇಲ್ಲದಿದ್ದರೆ ಹಿಂದಿನವನಿಗೆ ಮಾಫಿ ಎಂದು ಯಾರೂ ಓದಬಾರದು. ಆದರೆ ಅವರ ಉದಾಹರಣೆ ಇಲ್ಲಿ ತಿರುಗಿ ನಿಲ್ಲುತ್ತದೆ. ಸೈಕಲ್ಲು ಮೋಟಾರಿನೆದುರು ದುರ್ಬಲ. ಟನ್ನುಗಟ್ಟಲೆ ಕಬ್ಬಿನೆದುರು ದುರ್ಬಲನಾದವನು ಬೈಕಿನ ಸವಾರ. ಇಲ್ಲಿ ದೀಪದ ಹೊಣೆ ಬಲಿಷ್ಠನ ಮೇಲೆಯೇ ಬೀಳುತ್ತದೆ.

ಮೂರನೆಯದು ಖರ್ಚಿನ ಮಾತು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ತೂಕದ್ದು. ಟ್ರ್ಯಾಕ್ಟರು ಸಾಲದ ಮೇಲೆ ಬಂದದ್ದು, ಚಾಲಕ ಕೂಲಿಯ ಮೇಲೆ ದುಡಿಯುವವನು, ಕಬ್ಬು ಕಡಿಯುವ ಗ್ಯಾಂಗು ಊರುಬಿಟ್ಟು ಬಂದದ್ದು. ಪ್ರತಿ ಹೊಸ ನಿಯಮವೂ ಇವರ ಕಿಸೆಗೇ ಕೈಹಾಕಿದರೆ ಅದು ನಿಯಮದ ಹೆಸರಿನ ದಂಡವಾಗುತ್ತದೆ. ಆದರೆ ಕಬ್ಬು ಸಾಗಣೆ ಒಬ್ಬೊಬ್ಬ ರೈತನ ಬಿಡಿ ಪಯಣ ಅಲ್ಲ. ಹಂಗಾಮಿನ ಮೊದಲೇ ಟ್ರ್ಯಾಕ್ಟರಿನವರೊಡನೆ ಕರಾರು ಮಾಡಿಕೊಂಡು ಮುಂಗಡ ಕೊಡುವುದು ಕಾರ್ಖಾನೆಗಳ ರೂಢಿ. ಯಾರ ಗಾಣಕ್ಕಾಗಿ ಈ ಇರುಳ ಪಯಣವೋ ದೀಪದ ಖರ್ಚೂ ಅವರ ಕರಾರಿನಲ್ಲಿ ಸೇರುವುದು ನ್ಯಾಯ. ಮುಂದೆ ವಾಹನ ತಯಾರಿಸುವ ಕಾರ್ಖಾನೆಯಿಂದಲೇ ಎಲ್ಲ ದೀಪ ಕೂಡಿದ ಟ್ರೇಲರ್ ಬರುತ್ತದೆ, ಆಗ ತಾನೇ ಸರಿಹೋಗುತ್ತದೆ ಎಂಬ ನಾಲ್ಕನೆಯ ಮಾತಿಗೆ ಚರಿತ್ರೆಯೇ ಉತ್ತರ. ಜೀಪಿಗೂ ಲಾರಿಗೂ ಟ್ರ್ಯಾಕ್ಟರಿಗೂ ಕಾರ್ಖಾನೆ ದೀಪ ಕೊಟ್ಟೇ ಇತ್ತು. ಕೊರತೆಯಾದದ್ದು ಆ ದೀಪಕ್ಕೂ ಇಲ್ಲಿನ ರಸ್ತೆಗೂ ನಡುವಿನ ಜಾಗದಲ್ಲಿ.

ಆ ಜಾಗವನ್ನು ತುಂಬುವ ದಾರಿ 1884ರಲ್ಲಿ ರೈಲಿನೊಡನೆ ಬಂದದ್ದೇ. ಟ್ರ್ಯಾಕ್ಟರು ಮತ್ತು ಎರಡು ಟ್ರೇಲರು ಸೇರಿದರೆ ಅದು ರಸ್ತೆಯ ಮೇಲಿನ ಸಣ್ಣ ರೈಲು. ಅದಕ್ಕೂ ಕೊನೆಯ ಡಬ್ಬಿಯ ದೀಪ ಬೇಕು: ಟ್ರ್ಯಾಕ್ಟರಿನ ತಂತಿಯನ್ನು ನೆಚ್ಚದ, ಬ್ಯಾಟರಿಯ ಮೇಲೆ ಉರಿಯುವ, ಹೇರಿದ ಕಬ್ಬಿನ ಹೊರಮೈಗೆ ಎರಡೂ ಬದಿಯ ತುದಿಯಲ್ಲಿ ಸಿಕ್ಕಿಸಲು ಬರುವ ಜೋಡಿ ಕೆಂಪು ದೀಪ. ಕಾರ್ಖಾನೆಯ ಕಾಟಾದಲ್ಲಿ ಪ್ರತಿ ಹೊರೆಯನ್ನೂ ತೂಗಿ ಚೀಟಿ ಕೊಡುತ್ತಾರೆ. ಅದೇ ಕಾಟಾದಲ್ಲಿ ಖಾಲಿ ಗಾಡಿ ಹೊರಡುವಾಗ ದೀಪ ಕೊಡಬಹುದು, ಹೇರಿಕೊಂಡು ಬಂದಾಗ ಅದು ಉರಿಯುತ್ತಿದೆಯೇ ನೋಡಿ ಚೀಟಿ ಬರೆಯಬಹುದು. ರೈಲಿನಲ್ಲಿ ನಿಲ್ದಾಣದವರು ಮಾಡುವುದೂ ಇದನ್ನೇ. ವಾಹನ ನಿಂತಾಗಲೂ ಹಿಂದಿನ ದೀಪ ಉರಿಯುತ್ತಿರಬೇಕೆಂದು ನಿಯಮ ಈಗಾಗಲೇ ಹೇಳುತ್ತದೆ. ಪಂಕ್ಚರಾಗಿ ನಡುದಾರಿಯಲ್ಲಿ ಬಿಚ್ಚಿಟ್ಟ ಒಂಟಿ ಟ್ರೇಲರಿಗೆ ಆ ನಿಯಮ ತಲುಪುವುದು ಅದರ ಬೆನ್ನಿನ ದೀಪ ಟ್ರ್ಯಾಕ್ಟರಿನೊಡನೆ ಹೊರಟುಹೋಗದಿದ್ದಾಗ ಮಾತ್ರ.

ಚಕ್ಕಡಿಯ ಕಂದೀಲನ್ನು ಯಾವ ಕಂಪನಿಯೂ ಗಾಡಿಯೊಡನೆ ಕೊಟ್ಟಿರಲಿಲ್ಲ. ಹೊತ್ತು ಮುಳುಗಿದಾಗ ಒಬ್ಬ ಮನುಷ್ಯ ಇಳಿದು, ಗಾಜು ಒರೆಸಿ, ಬತ್ತಿ ಏರಿಸಿ, ಅಚ್ಚಿಗೆ ತೂಗಹಾಕುತ್ತಿದ್ದ. ಯಂತ್ರ ಬಂದ ಮೇಲೆ ದೀಪ ತಾನಾಗಿ ಇರುತ್ತದೆ ಎಂದು ನಾವು ನಂಬಿದೆವು, ಆ ಕೆಲಸವನ್ನು ಬಿಟ್ಟೆವು. ಹೊರದೇಶದ ದೀಪಗಳನ್ನು ಒಗ್ಗಿಸಿದ ಈ ಊರಿನ ಕೈಗಳಿಗೆ ತಂತಿ ಎಳೆಯುವುದು, ಬಣ್ಣ ಬದಲಿಸುವುದು ಎಂದೂ ಕಷ್ಟವಾಗಿರಲಿಲ್ಲ. ಈಗ ಬೇಕಾದದ್ದು ಕಾಟಾದ ಮುಂದೆ ಹೊತ್ತು ಮುಳುಗುವಾಗ ಕೆಳಗಿಳಿಯುವ ಒಬ್ಬ ಮನುಷ್ಯ, ಅವನ ಕೈಯಲ್ಲಿ ಎರಡು ಕೆಂಪು ದೀಪ, ಕೊನೆಯ ಗಾಲಿಯವರೆಗೆ ನಡೆದು ಹೋಗಿ ಅವನ್ನು ಕಟ್ಟುವುದು ತನ್ನ ಕೆಲಸ ಎಂಬ ಕರಾರು.